ನಮ್ಮ ಮನೆತನದ ‘ಟಿ’

ಹೆಸರಿನ ಮುಂದಿರುವ ಇನಿಷಿಯಲ್ ಬಗ್ಗೆ ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಗಿಯ ಕಾಲರಿನ ಒಳಗೆ ದರ್ಜಿ ಹೊಲಿದ ಚೀಟಿಯ ಹಾಗೆ ಅದು ತನ್ನ ಪಾಡಿಗೆ ತಾನಿರುತ್ತದೆ. ಕುತ್ತಿಗೆಗೆ ಚುಚ್ಚುವ ತನಕ ನೆನಪಿಗೆ ಬರುವುದಿಲ್ಲ. ನನ್ನ ಹೆಸರು ಟಿ. ಜಿ. ಸುರೇಶ. ಇದರಲ್ಲಿ ‘ಜಿ’ ಎಂದರೆ ನಮ್ಮ ತಂದೆ ಗೋಪಾಲ. ಅದರಲ್ಲಿ ಯಾರಿಗೂ ತಕರಾರಿಲ್ಲ. ‘ಟಿ’ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಮಾತ್ರ, ಐವತ್ತು ದಾಟಿದ ನಾನು, ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ನಾನು, ಕೆಮ್ಮು ಬಂದವನಂತೆ ನಟಿಸುತ್ತಿದ್ದೆ. ಹೊಯ್ಸಳರ ವಂಶಾವಳಿಯನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಹೇಳಬಲ್ಲೆ. ನಮ್ಮ ಸ್ವಂತ ಅಜ್ಜ ಯಾವ ಊರಿನವರು ಎಂದರೆ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದ ಇಷ್ಟು ವರ್ಷ ಏನೂ ನಷ್ಟವಾಗಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಕ್ಕಿ ಬೇಯುತ್ತಿತ್ತು, ಸಂಬಳ ಬರುತ್ತಿತ್ತು.

ಅಜ್ಜನ ಹೆಸರು ಟಿ. ರಾಮಣ್ಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಲಸ ಹುಡುಕಿಕೊಂಡು ಹರೆಯದಲ್ಲಿ ಒಂಟಿಯಾಗಿ ಬಂದವರು. ಹಿಂದೆ ಮುಂದೆ ಯಾರೂ ಇರಲಿಲ್ಲವಂತೆ. ಅಲ್ಲೇ ಕೆಲಸ, ಅಲ್ಲೇ ಮದುವೆ, ಅಲ್ಲೇ ಮೂವರು ಗಂಡುಮಕ್ಕಳು. ದೊಡ್ಡ ಮಗ ಇನ್ನೂ ಶಾಲೆಯಲ್ಲಿದ್ದಾಗಲೇ ಅಜ್ಜ ತೀರಿಕೊಂಡರು. “ನಿಮ್ಮೂರು ಯಾವುದು ರಾಮಣ್ಣ?” ಎಂದು ಯಾರಾದರೂ ಕೇಳಿದರೆ, “ಅದಿರಲಿ, ಮನೇಲಿ ಇವತ್ತು ಏನ್ ಅಡಿಗೆ?” ಎಂದು ಮಾತು ತಿರುಗಿಸುತ್ತಿದ್ದರಂತೆ. ಇನ್ನು ಅಜ್ಜಿಯನ್ನು ಕೇಳೋಣವೆಂದರೆ ಆಕೆ ಹಳೆಯ ಕಾಲದವಳು, ಗಂಡನ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಸರಿರಲಿ, ಇನಿಷಿಯಲ್ ಕೇಳಿದರೂ ಸೆರಗು ಬಾಯಿಗೆ ಹಿಡಿದು ನಗುತ್ತ ಒಳಗೆ ಹೋಗಿಬಿಡುತ್ತಿದ್ದಳು. ಆ ನಗುವಿಗೆ ಬೇರೆ ಕಾರಣವೂ ಇದ್ದಿರಬಹುದೆಂದು ಆಗ ನಮಗೆ ಹೊಳೆಯಲಿಲ್ಲ.

ಮೂವರು ಮಕ್ಕಳಲ್ಲಿ ನಡುವಿನವರು ನಮ್ಮ ತಂದೆ. ಅವರೀಗ ಇಲ್ಲ. ಉಳಿದವರು ದೊಡ್ಡಪ್ಪ ನಾಗರಾಜ ಮತ್ತು ಚಿಕ್ಕಪ್ಪ ಶ್ರೀನಿವಾಸ. ಇಬ್ಬರೂ ಶಿವಮೊಗ್ಗದಲ್ಲೇ ಇದ್ದಾರೆ, ದೊಡ್ಡಪ್ಪ ನವುಲೆಯಲ್ಲಿ, ಚಿಕ್ಕಪ್ಪ ಸವಳಂಗ ರಸ್ತೆಯಲ್ಲಿ. ನಡುವೆ ಆಟೋದಲ್ಲಿ ಕೂತು ಒಂದು ಫೋನು ಮುಗಿಸುವಷ್ಟರಲ್ಲಿ ತಲುಪುವ ದೂರ. ಆದರೆ ಇಬ್ಬರಿಗೂ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಕಾರಣ ಈ ‘ಟಿ’ಯೇ. ದೊಡ್ಡಪ್ಪ ಮನೆ ಕಟ್ಟಿದಾಗ ಗೇಟಿನ ಮೇಲೆ ‘ತರೀಕೆರೆ ನಿವಾಸ’ ಎಂದು ಬರೆಸಿದರು. ಅಜ್ಜ ತರೀಕೆರೆಯವರು ಎನ್ನುವುದಕ್ಕೆ ಅವರ ಬಳಿ ಇದ್ದ ಪುರಾವೆ ಏನೆಂದರೆ, ಚಿಕ್ಕಂದಿನಲ್ಲಿ ಒಮ್ಮೆ ರೈಲು ತರೀಕೆರೆಯಲ್ಲಿ ನಿಂತಾಗ ಅಜ್ಜ ಕಿಟಕಿಯಿಂದ ಹೊರಗೆ ನೋಡಿ ನಿಟ್ಟುಸಿರು ಬಿಟ್ಟಿದ್ದರು. ಚಿಕ್ಕಪ್ಪನ ಪ್ರಕಾರ ಅಜ್ಜ ತೀರ್ಥಹಳ್ಳಿಯವರು. ಪುರಾವೆ, ಅವರಿಗೆ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ ಎಂದರೆ ಪ್ರಾಣ. “ನಿಟ್ಟುಸಿರು ಬಿಟ್ಟಿದ್ದಕ್ಕೆಲ್ಲ ಊರಾಗೋದಾದ್ರೆ ನಮ್ಮಪ್ಪಂಗೆ ಊರೂರಲ್ಲೂ ಮನೆ ಇರ್ಬೇಕಿತ್ತು” ಎಂದು ಚಿಕ್ಕಪ್ಪ ಗೃಹಪ್ರವೇಶಕ್ಕೆ ಹೋಗಲೇ ಇಲ್ಲ. “ಉಪ್ಪಿನಕಾಯಿ ತಿಂದೋರೆಲ್ಲ ತೀರ್ಥಹಳ್ಳಿಯೋರಾ?” ಎಂದು ದೊಡ್ಡಪ್ಪ ಹೋಳಿಗೆ ಕಳಿಸಲಿಲ್ಲ. ಅಲ್ಲಿಗೆ ಅಣ್ಣತಮ್ಮಂದಿರ ಸಂಬಂಧ ಮುಗಿಯಿತು.

ನನಗೆ ಇದು ಚುಚ್ಚತೊಡಗಿದ್ದು ಮಗಳು ಶ್ರುತಿಯ ಮದುವೆ ನಿಶ್ಚಯವಾದಾಗ. ಬೀಗರು ಹಾಸನದವರು, ನಿವೃತ್ತ ಮೇಷ್ಟ್ರು, ವಂಶವೃಕ್ಷದ ಹುಚ್ಚು ಇರುವವರು. ಲಗ್ನಪತ್ರಿಕೆಗೆ ತಮ್ಮ ಕಡೆಯ ಒಕ್ಕಣೆಯನ್ನು ವಾಟ್ಸಾಪಿನಲ್ಲಿ ಕಳಿಸಿದರು. ಅದರಲ್ಲಿ ವರನ ಮುತ್ತಜ್ಜ, ಅವರ ಗ್ರಾಮ, ಹೋಬಳಿ ಎಲ್ಲ ಬಿಡಿಸಿ ಬರೆದಿತ್ತು. ಕೆಳಗೆ, “ನಿಮ್ಮ ಕಡೆಯದನ್ನೂ ಹೀಗೇ ವಿವರವಾಗಿ ಕಳಿಸಿ, ಚೆನ್ನಾಗಿರುತ್ತೆ” ಎಂದು ಕೈಮುಗಿದಿದ್ದರು. ನಾನು ಬುದ್ಧಿ ಇಲ್ಲದೆ ಅದನ್ನು ನಮ್ಮ ಕುಟುಂಬದ ಗ್ರೂಪಿಗೆ ಹಾಕಿದೆ. ಹಾಕಿ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ದೊಡ್ಡಪ್ಪನ ಧ್ವನಿ ಸಂದೇಶ ಬಂದಿತ್ತು: “ತರೀಕೆರೆ ರಾಮಣ್ಣನವರ ಮರಿಮಗಳು ಅಂತಲೇ ಹಾಕ್ಸು. ಇಲ್ದಿದ್ರೆ ನಾನು ಮಂಟಪಕ್ಕೆ ಕಾಲಿಡಲ್ಲ.” ಅದರ ಬೆನ್ನಿಗೇ ಚಿಕ್ಕಪ್ಪನದು: “ತರೀಕೆರೆ ಅಂತ ಪ್ರಿಂಟ್ ಆದ್ರೆ ಆ ಪತ್ರಿಕೆ ನಮ್ಮನೆಗೆ ತರೋ ಕಷ್ಟ ತಗೋಬೇಡ ಮಾರಾಯ.”

ಸಂಕಟ ನೋಡಿ. ತಂದೆ ಇಲ್ಲದ ಮನೆಯಲ್ಲಿ ಹುಡುಗಿಯನ್ನು ಹರಸಬೇಕಾದ ಹಿರಿಯರು ಇವರಿಬ್ಬರೇ. ಇಬ್ಬರ ತೊಡೆಯ ಮೇಲೂ ಆಡಿ ಬೆಳೆದ ಶ್ರುತಿ, “ಅಪ್ಪಾ, ಇಬ್ರಲ್ಲಿ ಒಬ್ರು ಬರ್ದೇ ಇದ್ರೂ ನಾನು ಹಸೆಮಣೆ ಮೇಲೆ ಅಳ್ತೀನಿ, ಮೇಕಪ್ ಹಾಳಾದ್ರೆ ನೀವೇ ಜವಾಬ್ದಾರಿ” ಎಂದಳು. ಅಡುಗೆಮನೆಯಿಂದ ನನ್ನ ಹೆಂಡತಿ ವಿಮಲಾ, “ಅಲ್ಲಾ ರೀ, ನೀವು ಇತಿಹಾಸದ ಮೇಷ್ಟ್ರು. ದಾಖಲೆ ಹುಡುಕಿ ಸತ್ಯ ಕಂಡುಹಿಡೀರಿ. ಇಲ್ಲಾಂದ್ರೆ ಆ ಎಂ.ಎ. ಮಾಡಿದ್ದು ಯಾಕೆ?” ಎಂದಳು. ಹೆಂಡತಿ ಹೀಗೆ ಪದವಿಯನ್ನು ಎಳೆದು ತಂದ ಮೇಲೆ ಗಂಡಸಾದವನು ಸುಮ್ಮನೆ ಕೂರುವುದು ಕಷ್ಟ.

ಮೊದಲು ದೊಡ್ಡಪ್ಪನ ಅಟ್ಟದಲ್ಲಿದ್ದ ತಗಡಿನ ಟ್ರಂಕು ಇಳಿಸಿದೆ. ಅದರಲ್ಲಿ ಅಜ್ಜನ ಹಿತ್ತಾಳೆ ಚೊಂಬು ಸಿಕ್ಕಿತು. ಕಂಠದ ಸುತ್ತ ‘ಟಿ. ರಾಮಣ್ಣ’ ಎಂದು ಕೊರೆದಿತ್ತು. ಹಳೆಯ ಲಗ್ನಪತ್ರಿಕೆಗಳು ಸಿಕ್ಕವು; ಎಲ್ಲದರಲ್ಲೂ ‘ಟಿ’. ಒಂದು ರೇಷನ್ ಕಾರ್ಡು ಸಿಕ್ಕಿತು. ಅದರಲ್ಲಿ ಬರೆದವನು ಗುಡಿಸಿನ ಮೇಲೆ ಸ್ವಲ್ಪ ಧಾರಾಳವಾಗಿ ಕೈಯಾಡಿಸಿ ‘ಟೀ ರಾಮಣ್ಣ’ ಎಂದು ಮಾಡಿದ್ದ. ಅದನ್ನು ನೋಡಿ ವಿಮಲಾ, “ಚಹಾ ಜಾಸ್ತಿ ಕುಡೀತಿದ್ರೇನೋ, ನಿಮ್ಮ ಹಾಗೇ” ಎಂದಳು. ನಾನು ಸಂಶೋಧಕನ ಗಾಂಭೀರ್ಯದಿಂದ ಆ ಮಾತನ್ನು ಕಡೆಗಣಿಸಿದೆ. ಸತ್ಯಕ್ಕೆ ಆಕೆ ನನಗಿಂತ ಎಷ್ಟು ಹತ್ತಿರದಲ್ಲಿದ್ದಳು ಎಂಬುದು ನನ್ನ ಎಂ.ಎ.ಗೆ ತಿಳಿಯಲಿಲ್ಲ.

ಮುಂದಿನ ಹೆಜ್ಜೆ ಭದ್ರಾವತಿಯ ಶಾಲೆ. ನಮ್ಮ ತಂದೆ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಓದಿದ ಶಾಲೆ ಅದು. ಒಂದು ಶನಿವಾರ ಬಸ್ಸು ಹತ್ತಿ ಹೋದೆ. ಮುಖ್ಯೋಪಾಧ್ಯಾಯಿನಿ ನನಗಿಂತ ಚಿಕ್ಕವರು, ಉತ್ಸಾಹಿ. ದಾಖಲಾತಿ ಪುಸ್ತಕ ತರಿಸಿ, ದೂಳು ಕೊಡವಿ, ಇಬ್ಬರೂ ಸೀನುತ್ತ ಹುಡುಕಿದೆವು. ಸಿಕ್ಕಿತು! ‘ಟಿ. ಆರ್. ಗೋಪಾಲ, ತಂದೆ ಟಿ. ರಾಮಣ್ಣ.’ ಪಕ್ಕದ ಅಂಕಣ ‘ಸ್ವಂತ ಊರು’. ಬೆರಳಿಟ್ಟು ಓದಿದೆ: ‘ಸದರಿ’.

“ಸದರಿ ಅಂದ್ರೆ ಮೇಲಿನದ್ದೇ ಅಂತ ಸಾರ್” ಎಂದರು ಮೇಡಂ. ಮೇಲಿನ ಸಾಲು ನೋಡಿದೆವು. ಅಲ್ಲೂ ‘ಸದರಿ’. ಅದರ ಮೇಲೂ ‘ಸದರಿ’. ಆ ಕಾಲದ ಗುಮಾಸ್ತರಿಗೆ ಆ ಪದದ ಮೇಲೆ ಅದೆಂಥ ಪ್ರೀತಿಯೋ! ಪುಟ ತಿರುವಿದೆವು, ಮತ್ತೆ ತಿರುವಿದೆವು. ಸದರಿಗಳ ಏಣಿ ಹತ್ತುತ್ತ ಹತ್ತುತ್ತ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮೇಡಮ್ಮಿಗೂ ಹುರುಪು ಬಂದು, “ಬಂತು ಸಾರ್, ಇನ್ನೇನ್ ಬಂತು” ಎನ್ನುತ್ತಿದ್ದರು. ಕೊನೆಗೂ ಏಣಿಯ ತುದಿಯಲ್ಲಿ ಯಾವನೋ ಹುಡುಗನ ಹೆಸರಿನ ಎದುರು ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ‘ತಿಳಿದುಬಂದಿರುವುದಿಲ್ಲ’. ಮೇಡಂ ನನ್ನ ಮುಖ ನೋಡಿ ಜವಾನನನ್ನು ಕರೆದು ನೀರು ತರಿಸಿದರು.

ಗೇಟಿನ ಹೊರಗೆ ಬಂದು ದೊಡ್ಡಪ್ಪನಿಗೆ ಫೋನು ಮಾಡಿದೆ. “ಅಜ್ಜನ ಜೊತೆ ಕೆಲಸ ಮಾಡ್ತಿದ್ದೋರ ಕಡೆಯೋರು ಯಾರಾದ್ರೂ ಇದ್ದಾರಾ ದೊಡ್ಡಪ್ಪ?” ಅವರು ಸ್ವಲ್ಪ ಯೋಚಿಸಿ, “ಮುನಿಸ್ವಾಮಿ ಅಂತ ಇದ್ರು, ತಮಿಳ್ನೋರು, ಅಪ್ಪನ ಖಾಸ ದೋಸ್ತು. ಅವರ ಮಗಳು ಕಮಲಮ್ಮ ಇನ್ನೂ ಅಲ್ಲೇ ಕಾರ್ಖಾನೆ ಕಡೆ ನಮ್ಮ ಹಳೇ ಬೀದೀಲೇ ಇದ್ದಾರೆ ಅಂತ ಕೇಳಿದ್ದೆ” ಎಂದರು. ಇಷ್ಟು ವರ್ಷ ಅವರನ್ನು ಯಾಕೆ ಕೇಳಲಿಲ್ಲ ಎಂದರೆ, “ಕೇಳಿ, ಅವರು ತೀರ್ಥಹಳ್ಳಿ ಅಂದುಬಿಟ್ಟಿದ್ರೆ?” ಎಂದರು. ನಮ್ಮ ಮನೆತನದ ಪ್ರಾಮಾಣಿಕತೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಮಲಮ್ಮನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾರ್ಖಾನೆಯ ಕಡೆಯ ಹಳೆಯ ಬೀದಿ, ಬಾಗಿಲಲ್ಲಿ ತಮಿಳರ ದೊಡ್ಡ ಚುಕ್ಕಿರಂಗೋಲಿ. ತುಂಬ ವಯಸ್ಸಾದ ಹೆಂಗಸು, ಆದರೆ ಕಣ್ಣು ಮಾತ್ರ ಎಳೆಯ ಹುಡುಗಿಯದು. ಮೊರದಲ್ಲಿ ಬೇಳೆ ಆರಿಸುತ್ತಿದ್ದರು. ನಾನು ನಮಸ್ಕಾರ ಮಾಡಿ, ಟಿ. ರಾಮಣ್ಣನವರ ಮೊಮ್ಮಗ, ಅವರ ಊರಿನ ದಾಖಲೆ ಹುಡುಕಿಕೊಂಡು ಬಂದೆ ಎಂದೆ. ಅವರು ಕಣ್ಣು ಕಿರಿದು ಮಾಡಿ ನನ್ನನ್ನು ಮೇಲಿಂದ ಕೆಳಗೆ, ಮುಖ್ಯವಾಗಿ ಹೊಟ್ಟೆಯ ಭಾಗವನ್ನು ನೋಡಿದರು. ಆಮೇಲೆ ಮೊರ ಕೆಳಗಿಟ್ಟು ಕೈ ತಟ್ಟಿದರು.

“ಅಯ್ಯಯ್ಯೋ! ಟಿಫಿನ್ ರಾಮಣ್ಣನ ಮೊಮ್ಮಗನಾ ನೀನು? ಬಾ ಕಣ್ಣು, ಒಳಗೆ ಬಾ!”

ನಾನು ಬಾಗಿಲಲ್ಲೇ ನಿಂತೆ. “ಏನಂದ್ರಿ ಅಮ್ಮಾ? ಯಾವ ರಾಮಣ್ಣ?”

“ಟಿಫಿನ್ ರಾಮಣ್ಣ! ಒಂದೇ ಶಿಫ್ಟಲ್ಲಿ ಮೂರು ರಾಮಣ್ಣ ಇದ್ರು ಕಣಪ್ಪ. ಹಾಜರಿ ಕರೆದ್ರೆ ಮೂರು ಜನನೂ ‘ಹಾಜರ್ ಸಾರ್’ ಅನ್ನೋರು. ಮೇಸ್ತ್ರಿಗೆ ತಲೆ ಕೆಟ್ಟೋಯ್ತು. ಉದ್ದಕ್ಕಿದ್ದೋರು ಲಂಬು ರಾಮಣ್ಣ, ಅವರ್ಗೆ ‘ಎಲ್’ ಹಾಕಿದ್ರು. ದಪ್ಪ ಕನ್ನಡಕದೋರು ಸೋಡಾಬುಡ್ಡಿ ರಾಮಣ್ಣ, ಅವರ್ಗೆ ‘ಎಸ್’. ನಿಮ್ ತಾತಂಗೆ ‘ಟಿ’. ಟಿಫಿನ್!”

ಆಮೇಲೆ ಅವರು ಕಾರಣ ಹೇಳಿದರು. ಅಜ್ಜ ಒಂಟಿ. ಅಡುಗೆ ಮಾಡಿ ಹಾಕುವವರು ಯಾರೂ ಇಲ್ಲ. ಆದರೂ ದಿನಾ ಎಲ್ಲರಂತೆ ಒಂದು ಟಿಫಿನ್ ಡಬ್ಬಿ ಹಿಡಿದು ಠೀವಿಯಿಂದ ಬರುತ್ತಿದ್ದರು. ಒಳಗೆ ಏನೂ ಇರುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮರದ ಕೆಳಗೆ ಕೂತಾಗ ಇವರೂ ಕೂತು, ತಮ್ಮ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಇಣುಕಿ, “ಅರೆ!” ಎಂದು ಆಶ್ಚರ್ಯಪಡುತ್ತಿದ್ದರಂತೆ. ದಿನಾ ಅದೇ ಆಶ್ಚರ್ಯ. ಎಲ್ಲರೂ ನಕ್ಕು ಒಂದೊಂದು ತುತ್ತು ಹಾಕುತ್ತಿದ್ದರು. ಮುನಿಸ್ವಾಮಿಯ ಮೊಸರನ್ನ, ತೆಲುಗಿನವರ ಗೊಂಗೂರ, ಯಾರದೋ ರೊಟ್ಟಿ, ಯಾರದೋ ಅಪ್ಪೆಮಿಡಿ. ಕೊನೆಗೆ ನೋಡಿದರೆ ಎಲ್ಲರಿಗಿಂತ ದೊಡ್ಡ ಊಟ ಇವರದೇ. “ನಾನು ಚಿಕ್ಕ ಹುಡುಗಿ, ಅಪ್ಪಂಗೆ ಊಟ ತಗೊಂಡು ಗೇಟಿಗೆ ಹೋಗ್ತಿದ್ದೆ. ನಮ್ಮಮ್ಮ ಹೇಳೋಳು, ‘ಇದು ಅಪ್ಪಂಗೆ, ಇದು ಆ ಅರೆ ರಾಮಣ್ಣಂಗೆ’ ಅಂತ. ಇಬ್ರಿಗೂ ಸೇರಿಸೇ ಕಟ್ಟೋಳು.”

ನನಗೆ ನಗು ಬರುತ್ತಿತ್ತು. ಆದರೆ ಹಸಿದ ಹುಡುಗನೊಬ್ಬ ಖಾಲಿ ಡಬ್ಬಿಯನ್ನು ಹಿಡಿದು ತಲೆ ಎತ್ತಿ ನಡೆದು ಬರುವುದು ಕಣ್ಣಿಗೆ ಕಟ್ಟಿತು. ಕಮಲಮ್ಮನವರಿಗೆ ಅದು ಗೊತ್ತಾಯಿತೇನೋ. ಧ್ವನಿ ಇಳಿಸಿ ಹೇಳಿದರು: “ಮದುವೆ ಆದ್ಮೇಲೆ ಉಲ್ಟಾ ಆಗೋಯ್ತು ಕಣ್ಣು. ನಿಮ್ಮಜ್ಜಿ ಅಷ್ಟು ದೊಡ್ಡ ಡಬ್ಬಿ ತುಂಬಾ ಅಕ್ಕಿರೊಟ್ಟಿ ಕಳ್ಸೋಳು. ಹೊಸ್ದಾಗಿ ಕೆಲಸಕ್ಕೆ ಬಂದಿರೋ ಒಂಟಿ ಹುಡುಗ್ರನ್ನ ಹುಡುಕಿ ಹುಡುಕಿ ಕೂರಿಸ್ಕೊಂಡು ತಿನ್ಸೋರು. ನಮ್ಮಪ್ಪ ಸಾಯೋ ತನಕ ಹೇಳ್ತಿದ್ರು, ‘ರಾಮಣ್ಣ ಸಾಲ ತೀರಿಸ್ಬಿಟ್ಟ’ ಅಂತ.”

“ಹಾಗಾದ್ರೆ ಅವರ ಊರು ಯಾವ್ದಮ್ಮಾ?”

“ಊರು ಯಾರ್ ಕೇಳಿದ್ರು? ಹಸಿದಿದ್ದಾನೆ ಅಂತ ಗೊತ್ತಿತ್ತು, ಸಾಕಲ್ಲ” ಎಂದು ಅವರು ಎದ್ದರು. “ನೀನು ಊಟ ಮಾಡಿದ್ಯಾ?” ಮಾಡಿಲ್ಲ ಎಂದೆ. ನಿಜಕ್ಕೂ ಬಸ್‌ಸ್ಟ್ಯಾಂಡಿನಲ್ಲಿ ಮಸಾಲೆದೋಸೆ ತಿಂದಿದ್ದೆ. ಬಾಯಿ ತಾನಾಗಿ ಸುಳ್ಳು ಹೇಳಿತು. ಸಾರು, ಅನ್ನ, ಹಪ್ಪಳ ಎಲ್ಲ ಮುಗಿಸಿ ಮೂರನೆಯ ಸಲ ತಟ್ಟೆ ಚಾಚಿದಾಗ ಕಮಲಮ್ಮ ಒಳಗಿದ್ದ ಸೊಸೆಯನ್ನು ಕೂಗಿ, “ಬಂದು ನೋಡೇ, ದಾಖಲೆ ಬೇಕಂತೆ ಇವ್ನಿಗೆ!” ಎಂದು ನಕ್ಕರು.

ಮರುದಿನ ರವೀಂದ್ರನಗರದ ನಮ್ಮ ಮನೆಗೆ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರನ್ನೂ ಕರೆಸಿದೆ. ಒಬ್ಬರು ಸೋಫಾದ ಆ ತುದಿಯಲ್ಲಿ, ಇನ್ನೊಬ್ಬರು ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಒಬ್ಬರನ್ನೊಬ್ಬರು ನೋಡದೆ ಫ್ಯಾನು ನೋಡುತ್ತ ಕೂತರು. ನಾನು ಹೇಳಿದೆ. ಮುಚ್ಚುಮರೆಯಿಲ್ಲದೆ, ಡಬ್ಬಿ, ‘ಅರೆ’ ಎಲ್ಲ ಸೇರಿಸಿ ಹೇಳಿದೆ. ವಿಮಲಾ ನಡುವೆಯೇ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಓಡಿದಳು; ಅಲ್ಲಿಂದ ಪಾತ್ರೆ ಬಿದ್ದ ಸದ್ದೂ ಅವಳ ನಗುವೂ ಒಟ್ಟಿಗೇ ಕೇಳಿದವು. ಶ್ರುತಿ ಫೋನು ಹಿಡಿದು, “ಸೂಪರ್! ‘ಟಿಫಿನ್ ರಾಮಣ್ಣನವರ ಮರಿಮಗಳು’ ಅಂತಲೇ ಹಾಕ್ಸೋಣ” ಎಂದಳು.

ಆಮೇಲೆ ದೊಡ್ಡಪ್ಪ ನಿಧಾನವಾಗಿ ತಲೆ ತಿರುಗಿಸಿದರು. ಎಷ್ಟೋ ವರ್ಷಗಳ ಮೇಲೆ ತಮ್ಮನ ಮುಖ ನೋಡಿದರು. “ಸೀನಾ, ಕೇಳಿದ್ಯೇನೋ ಇವ್ನು ಹೇಳಿದ್ದು?”

“ಕೇಳ್ದೆ ಅಣ್ಣಾ. ಬೇರೆ ಕೆಲ್ಸ ಇಲ್ವಾ ಇವ್ನಿಗೆ?”

“ಇವ್ನಿಗೆ ಇತಿಹಾಸ ಓದಿಸ್ಬೇಡ, ಬ್ಯಾಂಕ್ ಪರೀಕ್ಷೆ ಕಟ್ಟಿಸು ಅಂತ ಗೋಪಾಲಂಗೆ ಅವತ್ತೇ ಹೇಳಿದ್ದೆ.”

“ನೀನು ಹೇಳಿದ್ದು ಸರಿಯಾಗೇ ಇತ್ತು ಅಣ್ಣ.”

ನನ್ನನ್ನು ಬೈಯುತ್ತ ಬೈಯುತ್ತ ಇಬ್ಬರೂ ಒಂದೇ ಸೋಫಾಕ್ಕೆ ಬಂದರು. ಕಾಫಿ ಕುಡಿದರು. ಅಜ್ಜ ಒಮ್ಮೆ ಮಕ್ಕಳ ತಟ್ಟೆಯಿಂದ ಹಪ್ಪಳ ಕದ್ದು ಅಜ್ಜಿಯ ಕೈಗೆ ಸಿಕ್ಕಿಬಿದ್ದದ್ದು ಚಿಕ್ಕಪ್ಪನಿಗೆ ನೆನಪಾಯಿತು. ದೊಡ್ಡಪ್ಪ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ಎದ್ದು ಹೊರಡುವಾಗ ಇಬ್ಬರೂ ಒಂದೇ ಧ್ವನಿಯಲ್ಲಿ ತೀರ್ಪು ಕೊಟ್ಟರು: ಪತ್ರಿಕೆಯಲ್ಲಿ ಬರೀ ‘ಟಿ’ ಸಾಕು, ಈ ಟಿಫಿನ್ ವಿಷಯ ಮನೆಯಿಂದ ಹೊರಗೆ ಹೋಗಕೂಡದು. ಒಂದೇ ಆಟೋದಲ್ಲಿ ಹೋದರು.

ಮದುವೆ ಚೆನ್ನಾಗಿ ಆಯಿತು. ಆದರೆ ಊಟದ ಪಂಕ್ತಿಯಲ್ಲಿ ಬೀಗರು ನನ್ನ ಪಕ್ಕ ಕೂತವರು, ಪಾಯಸಕ್ಕೆ ಬರುವ ಹೊತ್ತಿಗೆ ಮೆಲ್ಲಗೆ ಕೇಳಿಯೇ ಬಿಟ್ಟರು: “ಅಂದ ಹಾಗೆ, ನಿಮ್ಮ ‘ಟಿ’ ಅಂದ್ರೆ ಯಾವ ಊರು ಬೀಗ್ರೇ?” ಎದುರಿನ ಸಾಲಿನಲ್ಲಿ ಬಾಯಿಗೆ ಹೋಗುತ್ತಿದ್ದ ದೊಡ್ಡಪ್ಪನ ಕೈ ಅರ್ಧದಲ್ಲೇ ನಿಂತಿತು. ಚಿಕ್ಕಪ್ಪ ಎಲೆ ನೋಡತೊಡಗಿದರು. ಸತ್ಯಶೋಧನೆಗೆ ಭದ್ರಾವತಿಯವರೆಗೆ ಹೋಗಿ ಬಂದಿದ್ದ ನಾನು, ಕಣ್ಣು ಮಿಟುಕಿಸದೆ, “ತ್ರಿಲೋಚನಪುರ” ಎಂದೆ. ಅದೆಲ್ಲಿಂದ ಬಂತೋ ದೇವರೇ ಬಲ್ಲ. “ಸಣ್ಣ ಅಗ್ರಹಾರ. ಈಗ ಯಾರೂ ಇಲ್ಲ” ಎಂದೂ ಸೇರಿಸಿದೆ. ಬೀಗರು ಭಕ್ತಿಯಿಂದ ತಲೆದೂಗಿದರು. ಎದುರಿನ ಸಾಲಿನ ಎರಡು ತಲೆಗಳೂ ಒಟ್ಟಿಗೇ ತೂಗಿದವು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಸ್ವಲ್ಪ ದಿನದಲ್ಲೇ ದೊಡ್ಡಪ್ಪನಿಗೆ ತ್ರಿಲೋಚನಪುರದ ಕೆರೆ ನೆನಪಾಗತೊಡಗಿತು. ಕೆರೆ ಏರಿಯ ಮೇಲೆ ಒಂದು ಅರಳಿಮರ ಇತ್ತು ಎಂದರು ಚಿಕ್ಕಪ್ಪ. ‘ತರೀಕೆರೆ ನಿವಾಸ’ದ ಕಲ್ಲು ಬದಲಾಯಿಸಲು ದೊಡ್ಡಪ್ಪ ಯಾರನ್ನೋ ಕರೆಸಿದ್ದಾರೆಂದು ಸುದ್ದಿ ಬಂತು. ಹೀಗಿರುವಾಗ ಮೊನ್ನೆ ಭಾನುವಾರ ಬೆಳಿಗ್ಗೆ ಮನೆ ಮುಂದೆ ಒಂದು ಬಾಡಿಗೆ ಕಾರು ನಿಂತಿತು. ಹಾಸನದ ಬೀಗರು! “ನಿಮ್ಮ ಮೂಲಸ್ಥಾನ ನೋಡ್ಬೇಕು ಅಂತ ಆಸೆ ಆಯ್ತು, ಹೊರಟುಬಿಟ್ಟೆ” ಎಂದರು. ಅವರು ದಾರಿಯಲ್ಲೇ ಹತ್ತಿಸಿಕೊಂಡಿದ್ದ ದೊಡ್ಡಪ್ಪ, ಚಿಕ್ಕಪ್ಪ ಆಗಲೇ ಹಿಂದಿನ ಸೀಟಿನಲ್ಲಿ ಹಣ್ಣುಕಾಯಿ ಹಿಡಿದು ಕೂತಿದ್ದರು. ಇಬ್ಬರ ಮುಖದಲ್ಲೂ ಹಬ್ಬದ ಕಳೆ. ನಾನು ಕಣ್ಣಲ್ಲಿ ಎಷ್ಟು ಸನ್ನೆ ಮಾಡಿದರೂ ಇಬ್ಬರಿಗೂ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ ಎಂಬುದೇ ನನ್ನನ್ನು ಹೆದರಿಸಿದ್ದು. ವಿಮಲಾ ಗೇಟಿನಲ್ಲಿ ನಿಂತು, “ದಾರೀಲಿ ಹಸಿವಾದ್ರೆ ಅಂತ ಕಟ್ಟಿದ್ದೀನಿ” ಎಂದು ನನ್ನ ಕೈಗೆ ಡಬ್ಬಿ ಕೊಟ್ಟಳು, ಮುಖದಲ್ಲಿ ಎಳ್ಳಷ್ಟೂ ನಗುವಿಲ್ಲದೆ.

ಊರು ದಾಟಿ, ರಸ್ತೆ ಮೂರಾಗಿ ಕವಲೊಡೆಯುವ ಕಡೆ ಡ್ರೈವರ್ ಕಾರು ನಿಧಾನ ಮಾಡಿ, “ಯಾವ ಕಡೆ ಸಾರ್?” ಎಂದ.

“ಎಡಕ್ಕೆ ತಗೋಳಪ್ಪಾ” ಎಂದರು ದೊಡ್ಡಪ್ಪ.

“ಎಡಕ್ಕಲ್ಲ ಅಣ್ಣಾ, ಬಲಕ್ಕೆ. ಎಡಕ್ಕೆ ಹೋದ್ರೆ ಕೆರೆ ಸಿಗಲ್ಲ” ಎಂದರು ಚಿಕ್ಕಪ್ಪ.

“ನನಗೆ ಹೇಳ್ಕೊಡ್ತೀಯೇನೋ? ನಾನು ಹಿರಿಯ!”

“ಹಿರಿಯ ಅಂತ ದಾರಿ ಬದಲಾಗುತ್ತಾ?”

ಧ್ವನಿಗಳು ಏರತೊಡಗಿದವು. ಬೀಗರು ಗಾಬರಿಯಿಂದ ನನ್ನ ಕಡೆ ನೋಡಿದರು. ನಾನು ಮುಂದಿನ ಸೀಟಿನಲ್ಲಿ ಕೂತು ಆ ಮೂರು ದಾರಿಗಳನ್ನೂ ಒಮ್ಮೆ ಪರಿಶೀಲಿಸಿದೆ. ಇಬ್ಬರೂ ತಪ್ಪು ಹೇಳುತ್ತಿದ್ದಾರೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

“ಅವರ ಮಾತು ಕೇಳ್ಬೇಡಪ್ಪ, ನೇರ ಹೋಗು” ಎಂದೆ.